ಹೊಟ್ಟೆಗೆ ಪ್ರತ್ಯೇಕ ಕೋಡ್ ಇದೆ, ತೊಡೆಗೆ ಇಲ್ಲ

ಸ್ನಾಯುಪೊರೆಯ ಗುಂಟ ಗಂಟೆಗಳಲ್ಲೇ ಹಬ್ಬಿ ಮಾಂಸವನ್ನು ಕೊಳೆಸುವ ಸೋಂಕಿಗೆ ‘ನೆಕ್ರೊಟೈಸಿಂಗ್ ಫ್ಯಾಸಿಯೈಟಿಸ್’ ಎಂಬ ಹೆಸರು ಬಂದದ್ದು 1952ರಲ್ಲಿ. ಅಮೆರಿಕದಲ್ಲಿ ವೈದ್ಯರು ಮಾಡಿದ ಪ್ರತಿ ಚಿಕಿತ್ಸೆಗೂ ಬಿಲ್ಲಿನಲ್ಲಿ ಬರೆಯುವ ಸಂಖ್ಯೆಗಳ ಪಟ್ಟಿ, ಅಂದರೆ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್‌ನ ಸಿಪಿಟಿ ಕೋಡ್ ಪಟ್ಟಿ ಶುರುವಾದದ್ದು 1966ರಲ್ಲಿ. ಆದರೂ ಈ ಸೋಂಕಿನ ತುರ್ತು ಶಸ್ತ್ರಚಿಕಿತ್ಸೆಗೇ ಮೀಸಲಾದ ಕೋಡ್‌ಗಳು ಆ ಪಟ್ಟಿಗೆ ಸೇರಿದ್ದು 2005ರಲ್ಲಿ. ಅಲ್ಲಿಯವರೆಗೆ ಹಾಸಿಗೆ ಹುಣ್ಣಿನ ಸತ್ತ ಸ್ನಾಯು ಕತ್ತರಿಸಿದರೂ, ಸಾಯುತ್ತಿರುವ ರೋಗಿಯ ಹೊಟ್ಟೆಯ ಗೋಡೆಯನ್ನೇ ಕತ್ತರಿಸಿ ತೆಗೆದರೂ ಬಿಲ್ಲಿನಲ್ಲಿ ಬರುತ್ತಿದ್ದುದು ಸಾಮಾನ್ಯ ಡಿಬ್ರೈಡ್‌ಮೆಂಟ್ (ಸತ್ತ ಅಂಗಾಂಶ ತೆಗೆಯುವ) ಕೋಡ್‌ಗಳೇ.

ಹೊಸ ಕೋಡ್‌ಗಳು ಜಾಗವನ್ನು ಆಧರಿಸಿದವು. ಜನನಾಂಗ ಮತ್ತು ಪೆರಿನಿಯಂಗೆ (ಜನನಾಂಗ-ಗುದದ್ವಾರದ ನಡುವಿನ ಭಾಗ) 11004, ಹೊಟ್ಟೆಯ ಗೋಡೆಗೆ 11005. ಸೋಂಕು ಎರಡಕ್ಕೂ ಹಬ್ಬಿದ್ದರೆ ಇವೆರಡನ್ನು ಕೂಡಿಸುವಂತಿಲ್ಲ, 11006 ಒಂದನ್ನೇ ಬರೆಯಬೇಕು. ಹೊಟ್ಟೆಯ ಗೋಡೆಗೆ ಹಿಂದೆ ಹಾಕಿದ್ದ, ಈಗ ಸೋಂಕು ತಗುಲಿದ ಮೆಶ್ (ಕೃತಕ ಬಲೆ) ತೆಗೆದರೆ ಜೊತೆಗೆ 11008. ವೃಷಣ ತೆಗೆದರೆ 54520 ಬೇರೆ. 11004ರಿಂದ 11006ರವರೆಗಿನ ಕೋಡ್‌ಗಳ ಗ್ಲೋಬಲ್ ಅವಧಿ (ಶಸ್ತ್ರಚಿಕಿತ್ಸೆಯ ಶುಲ್ಕದಲ್ಲೇ ಸೇರಿರುವ ನಂತರದ ಆರೈಕೆಯ ದಿನಗಳು) ಸೊನ್ನೆ ದಿನ, ಹಾಗಾಗಿ ಮರುದಿನ ಮತ್ತೆ ಥಿಯೇಟರ್‌ಗೆ ಒಯ್ದರೆ ಅದಕ್ಕೆ ಬೇರೆಯೇ ಬಿಲ್. ಈ ರೋಗದಲ್ಲಿ ಒಂದೇ ಸಲಕ್ಕೆ ಮುಗಿಯುವುದು ಅಪರೂಪವಾದ್ದರಿಂದ ಇದು ನ್ಯಾಯವೇ.

ಕೈಕಾಲು, ಬೆನ್ನು, ಕುತ್ತಿಗೆ ಮಾತ್ರ ಹೊರಗುಳಿದವು. ಕಾಲಿನಲ್ಲಿ ಈ ರೋಗ ತೀರಾ ಸಾಮಾನ್ಯ, ಆದ್ದರಿಂದ ಇದನ್ನು ದೊಡ್ಡ ಕೊರತೆ ಎಂದೇ ಹೇಳಬೇಕು. ಅಲ್ಲಿ ಇಂದಿಗೂ ಸಾಮಾನ್ಯ ಕೋಡ್‌ಗಳೇ ಗತಿ, ಅವೂ 2011ರಲ್ಲಿ ಬದಲಾದವು: ಚರ್ಮದ ಮಟ್ಟದ 11040, 11041 ರದ್ದಾಗಿ, ಉಳಿದವಕ್ಕೆ ಆಳದ ಜೊತೆ ವಿಸ್ತೀರ್ಣದ ಲೆಕ್ಕವೂ ಬಂತು. ಸ್ನಾಯು ಅಥವಾ ಸ್ನಾಯುಪೊರೆಯವರೆಗಿನ ಮೊದಲ 20 ಚದರ ಸೆಂ.ಮೀ.ಗೆ 11043, ಆಮೇಲಿನ ಪ್ರತಿ 20ಕ್ಕೆ ಅಥವಾ ಅದರ ಭಾಗಕ್ಕೆ 11046. ತೊಡೆಯಲ್ಲಿ 30×15 ಸೆಂ.ಮೀ. ಕತ್ತರಿಸಿದರೆ 450 ಚದರ ಸೆಂ.ಮೀ.; ಮೊದಲ 20 ಕಳೆದರೆ 430, ಅಂದರೆ 11046 ಇಪ್ಪತ್ತೆರಡು ಯೂನಿಟ್.

ಎಡವುವುದು ಇಲ್ಲೇ. ‘ಆರೋಗ್ಯಕರ ಅಂಗಾಂಶ ಸಿಗುವವರೆಗೆ ವ್ಯಾಪಕವಾಗಿ ತೆಗೆಯಲಾಯಿತು’ ಎಂದಷ್ಟೇ ಶಸ್ತ್ರಚಿಕಿತ್ಸಕರು ಬರೆದರೆ ಕೋಡರ್‌ಗೆ (ದಾಖಲೆ ಓದಿ ಕೋಡ್ ಹಾಕುವವರಿಗೆ) ಮೊದಲ 20ರ ಆಚೆ ಹೋಗಲು ಆಧಾರವಿಲ್ಲ. ಅಳೆಯಬೇಕಾದದ್ದು ಕತ್ತರಿಸಿ ತೆಗೆದ ಮೇಲ್ಮೈಯನ್ನು, ಇಡೀ ಗಾಯವನ್ನಲ್ಲ. ಆಳವೆಂದರೆ ತೆಗೆದ ಅತಿ ಆಳದ ಪದರ: ಮೂಳೆ ಕಣ್ಣಿಗೆ ಕಂಡರೂ ಅದನ್ನು ಕೆತ್ತದಿದ್ದರೆ ಮೂಳೆಯ ಮಟ್ಟದ ಕೋಡ್ 11044 ಬರೆಯುವಂತಿಲ್ಲ. ಒಂದೇ ಆಳದ ಹಲವು ಗಾಯಗಳ ವಿಸ್ತೀರ್ಣ ಕೂಡಿಸಬಹುದು, ಬೇರೆ ಬೇರೆ ಆಳದವನ್ನು ಕೂಡಿಸಬಾರದು.

ಚಿಕಿತ್ಸೆಯದಲ್ಲದೆ ರೋಗದ್ದೇ ಬೇರೆ ಕೋಡ್ (ಅಮೆರಿಕದ ಐಸಿಡಿ-10-ಸಿಎಂ ಪಟ್ಟಿಯದು) ಎಂ72.6, ಜೊತೆಗೆ ಬ್ಯಾಕ್ಟೀರಿಯಾದ ಬಿ95 ಅಥವಾ ಬಿ96. ದಾಖಲಾಗುವಾಗಲೇ ಸೆಪ್ಸಿಸ್ (ಸೋಂಕಿಗೆ ದೇಹವಿಡೀ ತೋರುವ ಪ್ರಾಣಾಂತಕ ಪ್ರತಿಕ್ರಿಯೆ) ಇದ್ದರೆ ಅದರ ಕೋಡ್ ಮೊದಲು. ಜನನಾಂಗದ ಭಾಗದಲ್ಲಿ ಬರುವ ಇದೇ ಸೋಂಕಾದ ಫೋರ್ನಿಯರ್ ಗ್ಯಾಂಗ್ರೀನ್‌ನ ಎನ್49.3 ಪುರುಷರಿಗೆ ಮಾತ್ರ, ಮಹಿಳೆಯರಿಗೆ ಎನ್76.82 ಸಿಕ್ಕಿದ್ದು 2022ರ ಅಕ್ಟೋಬರ್‌ನಲ್ಲಿ.