ನಾಳ ತೆರೆದ ಮೇಲೂ ಸಾಯುವ ಸ್ನಾಯು

ಹಾರ್ಟ್ ಅಟ್ಯಾಕ್ ಆದಾಗ ಹೃದಯದ ನಾಳದ ಬ್ಲಾಕ್ ತೆಗೆದಿದ್ದಾರೆ, ಸ್ಟೆಂಟ್ ಹಾಕಿದ್ದಾರೆ, ಇನ್ನು ಭಯವಿಲ್ಲ ಎಂದುಕೊಂಡು ಮನೆಗೆ ಬಂದವರು ಒಂದೂವರೆ ತಿಂಗಳ ಮೇಲೆ ಎಕೋ ಮಾಡಿಸುತ್ತಾರೆ. ‘ಪಂಪಿಂಗ್ 35 ಪರ್ಸೆಂಟ್’ ಎಂದು ಬರುತ್ತದೆ, ಅಂದರೆ ಪ್ರತಿ ಬಡಿತಕ್ಕೆ ಹೃದಯ ತನ್ನಲ್ಲಿ ತುಂಬಿದ ರಕ್ತದ ಅಷ್ಟು ಪಾಲನ್ನು ಮಾತ್ರ ಹೊರಕ್ಕೆ ತಳ್ಳುತ್ತಿದೆ. ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ 55ರ ಮೇಲಿರುತ್ತದೆ. ನಾಳ ತೆರೆದೇ ಇದೆ, ರಕ್ತ ಹರಿಯುತ್ತಲೇ ಇದೆ. ಆದರೂ ಒಂದು ಮಹಡಿ ಹತ್ತಿದರೆ ಏದುಸಿರು. ಬ್ಲಾಕ್ ಹೋದ ಮೇಲೂ ಹೃದಯ ಯಾಕೆ ಸೋತಿತು ಎಂದು ಮನೆಯವರು ಕೇಳುವುದು ಸಹಜ. ಉತ್ತರ ಎರಡು ಪಾಲಿನದು. ಸ್ನಾಯುವಿನ ಒಂದಷ್ಟು ಭಾಗ ನಾಳ ತೆರೆಯುವ ಮೊದಲೇ ಸತ್ತಿತ್ತು. ಇನ್ನೊಂದಷ್ಟು, ತೆರೆದದ್ದರಿಂದಲೇ ಸತ್ತಿತು.

ಎರಡನೆಯ ಮಾತನ್ನು ವೈದ್ಯರೂ ಸುಲಭವಾಗಿ ಒಪ್ಪಿರಲಿಲ್ಲ. ನಾಯಿಗಳ ಹೃದಯದ ನಾಳವನ್ನು ಕಟ್ಟಿ, ಬಿಚ್ಚಿ ಪರೀಕ್ಷಿಸುತ್ತಿದ್ದ ಅಮೆರಿಕದ ರಾಬರ್ಟ್ ಜೆನ್ನಿಂಗ್ಸ್ ತಂಡ 1960ರಲ್ಲಿ, ರಕ್ತ ಮರಳಿದ ಜಾಗದಲ್ಲಿ ಸ್ನಾಯುವಿನ ಹಾಳು ಇನ್ನೂ ಬೇಗ ಎದ್ದು ಕಾಣುವುದನ್ನು ದಾಖಲಿಸಿತು. ಇದೇ ತಂಡದ ಕೀತ್ ರೈಮರ್ 1977ರಲ್ಲಿ ಜೆನ್ನಿಂಗ್ಸ್ ಅವರೊಂದಿಗೆ ಸೇರಿ ತೋರಿಸಿದ್ದು ಇನ್ನೊಂದು ಸಂಗತಿ. ಸಾವು ಹೃದಯದ ಗೋಡೆಯ ಒಳಪದರದಲ್ಲಿ ಶುರುವಾಗಿ ಅಲೆಯಂತೆ ಹೊರಪದರದ ಕಡೆಗೆ ಸರಿಯುತ್ತದೆ. ನಾಳವನ್ನು 40 ನಿಮಿಷ ಕಟ್ಟಿಟ್ಟರೆ ಅಪಾಯದಲ್ಲಿದ್ದ ಸ್ನಾಯುವಿನ ಶೇ 38 ಸತ್ತಿತು. 3 ಗಂಟೆಗೆ ಶೇ 57. 6 ಗಂಟೆಗೆ ಶೇ 71. ನಾಯಿಯ ಲೆಕ್ಕ ಮನುಷ್ಯರಿಗೆ ಹಾಗೇ ಹೊಂದುವುದಿಲ್ಲ, ಆದರೆ ಅಲೆಯ ದಿಕ್ಕು ಒಂದೇ. ಬದುಕಿಸಬಹುದಾದದ್ದರಲ್ಲಿ ಬಹುಪಾಲು ಕೈತಪ್ಪುವುದು ಮೊದಲ ಗಂಟೆಗಳಲ್ಲಿ.

ರಕ್ತ ಮರಳಿದಾಗ ಆಗುವುದೇನು? ನಾಳ ಮುಚ್ಚಿದಾಗ ಸ್ನಾಯುಕೋಶ ಆಮ್ಲಜನಕವಿಲ್ಲದೆ ಶಕ್ತಿ ಉತ್ಪಾದಿಸಲು ಹೆಣಗುತ್ತದೆ. ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡು ಒಳಗೆಲ್ಲ ಹುಳಿಯಾಗುತ್ತದೆ. ಆ ಹುಳಿಯೇ ಒಂದು ರೀತಿಯಲ್ಲಿ ಕಾವಲು. ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದ ಪೊರೆಯಲ್ಲಿ ತೆರೆಯಬಾರದ ರಂಧ್ರಗಳನ್ನು ಅದು ಮುಚ್ಚಿ ಹಿಡಿದಿರುತ್ತದೆ. ನಾಳ ತೆರೆದ ಕೆಲವೇ ನಿಮಿಷಗಳಲ್ಲಿ ಹುಳಿ ತೊಳೆದುಹೋಗುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ಆಮ್ಲಜನಕದ ಉಗ್ರ ಕಣಗಳು ಹುಟ್ಟುತ್ತವೆ, ರಂಧ್ರಗಳು ತೆರೆದುಕೊಳ್ಳುತ್ತವೆ. ಕೋಶ ಬಿಗಿದು ಸೆಟೆದು ಒಡೆಯುತ್ತದೆ. ಸಾಯದೆ ಉಳಿದ ಕೋಶಗಳಲ್ಲೂ ಕೆಲವು ದಿನಗಟ್ಟಲೆ ಮಂಕಾಗಿರುತ್ತವೆ. ಹಾಗಾಗಿ ಎರಡನೇ ದಿನದ ಎಕೋ ನೋಡಿ ಹೃದಯವೇ ಹೋಯಿತೆಂದು ಕಂಗೆಡಬೇಕಿಲ್ಲ. ಆರು ವಾರದ ಎಕೋ ಮುಖ್ಯ.

ಇಷ್ಟೆಲ್ಲ ಇದ್ದರೂ ನಾಳ ತೆರೆಯುವುದೇ ಸರಿ. ಇಟಲಿಯಲ್ಲಿ 11,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಜಿಸ್ಸಿ ಪ್ರಯೋಗ 1986ರಲ್ಲಿ ಅದನ್ನು ಖಚಿತಪಡಿಸಿತು. ಒಂದು ಗಂಟೆಯಲ್ಲಿ ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ 15 ಲಕ್ಷ ಯೂನಿಟ್ ಕೊಟ್ಟಾಗ 21 ದಿನಗಳೊಳಗಿನ ಸಾವು ಶೇ 13ರಿಂದ 10.7ಕ್ಕೆ ಇಳಿಯಿತು. ಎರಡು ವರ್ಷದ ಬಳಿಕ ಐಸಿಸ್-2 ಪ್ರಯೋಗ ಅದಕ್ಕೆ ಆಸ್ಪಿರಿನ್ ಸೇರಿಸಿತು. ಐದು ವಾರಗಳಲ್ಲಿ ಹೃದಯ ಮತ್ತು ರಕ್ತನಾಳ ಸಂಬಂಧಿ ಸಾವು ಎರಡೂ ಸಿಗದವರಲ್ಲಿ ಶೇ 13.2, ಎರಡೂ ಸಿಕ್ಕವರಲ್ಲಿ ಶೇ 8.

ಅದೇ 1986ರಲ್ಲಿ ಜೆನ್ನಿಂಗ್ಸ್ ಪ್ರಯೋಗಾಲಯದ ಚಾರ್ಲ್ಸ್ ಮರಿ ಒಂದು ಅಚ್ಚರಿ ಕಂಡುಕೊಂಡರು. ನಾಯಿಯ ನಾಳವನ್ನು ಐದು ನಿಮಿಷ ಮುಚ್ಚಿ ಐದು ನಿಮಿಷ ಬಿಡುವುದನ್ನು ನಾಲ್ಕು ಬಾರಿ ಮಾಡಿ, ನಂತರ 40 ನಿಮಿಷ ಮುಚ್ಚಿದರೆ ಹಾನಿ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯಿತು. ಬರಲಿರುವ ಪೆಟ್ಟನ್ನು ತಾಳಲು ಹೃದಯ ಮೊದಲೇ ಸಜ್ಜಾಗಬಲ್ಲದು! ಆದರೆ ಹಾರ್ಟ್ ಅಟ್ಯಾಕ್ ಹೇಳಿ ಬರುವುದಿಲ್ಲ. ಹಾಗಾಗಿ ಹುಡುಕಾಟ ‘ಮೊದಲು’ ಬಿಟ್ಟು ‘ಆಮೇಲೆ’ಗೆ ತಿರುಗಿತು. 2005ರಲ್ಲಿ ಫ್ರಾನ್ಸ್‌ನ ವೈದ್ಯರು ಸ್ಟೆಂಟ್ ಹಾಕಿದ ಕೂಡಲೇ ನಾಳದೊಳಗಿನ ಪುಟ್ಟ ಬಲೂನನ್ನು ಒಂದು ನಿಮಿಷ ಉಬ್ಬಿಸಿ ಒಂದು ನಿಮಿಷ ಇಳಿಸಿ, ಹೀಗೆ ನಾಲ್ಕು ಸಲ ಮಾಡಿದರು. ಸ್ನಾಯುಹಾನಿ ಸೂಚಿಸುವ ಕಿಣ್ವ ಶೇ 36 ಕಡಿಮೆ ಬಂತು. 2010ರಲ್ಲಿ ಡೆನ್ಮಾರ್ಕ್‌ನವರು ಹೃದಯವನ್ನೇ ಮುಟ್ಟದೆ, ಆಂಬುಲೆನ್ಸ್‌ನಲ್ಲಿ ಬಿಪಿ ಪಟ್ಟಿಯಿಂದ ತೋಳನ್ನು ಐದು ನಿಮಿಷ ಬಿಗಿದು ಐದು ನಿಮಿಷ ಸಡಿಲಿಸುವುದನ್ನು ನಾಲ್ಕು ಬಾರಿ ಮಾಡಿ, ಉಳಿದ ಸ್ನಾಯು ಹೆಚ್ಚಿರುವುದನ್ನು ತೋರಿಸಿದರು. ಪೈಸೆ ಖರ್ಚಿಲ್ಲದ ಚಿಕಿತ್ಸೆ. ಎಲ್ಲರ ಆಸೆ ಚಿಗುರಿತು.

ದೊಡ್ಡ ಪರೀಕ್ಷೆಗಳಲ್ಲಿ ಈ ಉಪಾಯಗಳು ಒಂದೊಂದೇ ಬಿದ್ದವು. ಮೈಟೊಕಾಂಡ್ರಿಯದ ರಂಧ್ರ ಮುಚ್ಚುವ ಸೈಕ್ಲೋಸ್ಪೋರಿನ್ 970 ರೋಗಿಗಳ ಮೇಲೆ 2015ರಲ್ಲಿ ಫಲ ಕೊಡಲಿಲ್ಲ. ಬಲೂನಿನ ಏರಿಳಿತ 2017ರಲ್ಲಿ ಸೋತಿತು. ತೋಳಿನ ಪಟ್ಟಿ 2019ರಲ್ಲಿ 5,401 ಜನರಲ್ಲಿ ಸೋತಿತು: ಒಂದು ವರ್ಷದಲ್ಲಿ ಹೃದಯದ ಕಾರಣಕ್ಕೆ ಸಾವು ಅಥವಾ ಹೃದಯ ವೈಫಲ್ಯಕ್ಕೆ ಆಸ್ಪತ್ರೆ ಸೇರಿದವರು ಪಟ್ಟಿ ಕಟ್ಟಿದವರಲ್ಲಿ ಶೇ 9.4, ಕಟ್ಟದವರಲ್ಲಿ ಶೇ 8.6. ಹೆಪ್ಪನ್ನು ಹೀರಿ ತೆಗೆಯುವ ಕ್ಯಾತಿಟರ್ (ನಾಳದೊಳಗೆ ತೂರಿಸುವ ಸಣ್ಣ ಕೊಳವೆ) ಕೂಡ ಎಲ್ಲರಿಗೂ ಬಳಸುವ ಪದ್ಧತಿಯಾಗಿ ಉಳಿಯಲಿಲ್ಲ. ರೂಢಿಯಂತೆ ಎಲ್ಲರಿಗೂ ಕೊಡುತ್ತಿದ್ದ ಆಮ್ಲಜನಕಕ್ಕೂ, ರಕ್ತದಲ್ಲಿ ಅದರ ಮಟ್ಟ ಶೇ 90ಕ್ಕಿಂತ ಕೆಳಗಿಲ್ಲದಿದ್ದರೆ, ಲಾಭವಿಲ್ಲವೆಂದು ಸ್ವೀಡನ್‌ನ 2017ರ ಅಧ್ಯಯನ ತೋರಿಸಿತು.

ಯಾಕೆ ಹೀಗಾಯಿತು? ಪ್ರಯೋಗದ ಪ್ರಾಣಿ ಎಳೆಯದು, ಶುಗರ್ ಇಲ್ಲ, ಬಿಪಿ ಇಲ್ಲ, ನಾಳ ಮುಚ್ಚಿದ ನಿಮಿಷ ಗಡಿಯಾರದಲ್ಲಿ ಗೊತ್ತು. ರೋಗಿಗೆ ವಯಸ್ಸಾಗಿರುತ್ತದೆ, ಶುಗರ್ ಇರುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೊಗ್ರೆಲ್, ಟಿಕಾಗ್ರೆಲಾರ್‌ನಂಥ ಮಾತ್ರೆಗಳನ್ನು ಆಗಲೇ ನುಂಗಿಸಿರುತ್ತಾರೆ. ಪ್ರಾಣಿಗಳಲ್ಲಿ ಈ ಬಗೆಯ ಔಷಧಗಳೇ ಸ್ನಾಯುವಿಗೆ ರಕ್ಷಣೆ ಕೊಡುವುದು ಕಂಡಿದೆ. ಮೇಲೆ ಇನ್ನೊಂದನ್ನು ಸೇರಿಸಿದರೆ ಹೊಸದಾಗಿ ಉಳಿಸುವುದಕ್ಕೆ ಏನು ಮಿಕ್ಕಿರುತ್ತದೆ? ನಮ್ಮ ಮಟ್ಟಿಗೆ ದೊಡ್ಡ ಕಾರಣ ಬೇರೆ: ನಾಲ್ಕೈದು ಗಂಟೆ ತಡವಾಗಿ ಬಂದವರಲ್ಲಿ ಯಾವ ಔಷಧಕ್ಕೂ ಉಳಿಸಲು ಸ್ನಾಯು ಹೆಚ್ಚು ಮಿಕ್ಕಿರುವುದಿಲ್ಲ.

ಆಂಜಿಯೋಪ್ಲಾಸ್ಟಿ ಮಾಡುವ ಕೋಣೆಯಾದ ಕ್ಯಾಥ್ ಲ್ಯಾಬ್‌ನಲ್ಲಿ, ರಕ್ತ ಮರಳಿದಾಗ ಆಗುವ ಈ ಗಾಯ ಕಣ್ಣಿಗೇ ಕಾಣುತ್ತದೆ. ಬಲೂನು ಇಳಿದ ಕ್ಷಣ ಬಿಪಿ ಕುಸಿಯಬಹುದು, ಮಾನಿಟರ್‌ನಲ್ಲಿ ಅಗಲವಾದ, ನಿಧಾನದ ಬಡಿತಗಳ ಸಾಲು ಬರಬಹುದು. ಆ ಲಯ ಬಹುಮಟ್ಟಿಗೆ ತಾನೇ ಹೋಗುತ್ತದೆ, ಔಷಧ ಬೇಡ. ಕಂಗೆಡಿಸುವುದು ಇನ್ನೊಂದು ದೃಶ್ಯ: ಸ್ಟೆಂಟ್ ಪೂರ್ತಿ ಅರಳಿದೆ, ಬ್ಲಾಕ್ ಇಲ್ಲ, ಆದರೂ ನಾಳ ಎಕ್ಸ್‌ರೇಯಲ್ಲಿ ಕಾಣಲೆಂದು ಹಾಕಿದ ಡೈ ಮುಂದೆ ಹೋಗದೆ ನಿಂತಲ್ಲೇ ನಿಂತಿದೆ. ದೊಡ್ಡ ನಾಳ ತೆರೆದಿದ್ದರೂ ಕೂದಲೆಳೆಯಂಥ ನಾಳಗಳು ಹೆಪ್ಪಿನ ಚೂರು, ಊತ, ಸೆಡೆತದಿಂದ ಕಟ್ಟಿಕೊಂಡಿವೆ. ಇದಕ್ಕೆ ನೋ-ರಿಫ್ಲೋ ಎನ್ನುತ್ತಾರೆ. ಆಗ ಸಣ್ಣ ಕ್ಯಾತಿಟರನ್ನು ಬ್ಲಾಕಿನಾಚೆ ಒಯ್ದು ಅಡಿನೊಸಿನ್, ನೈಟ್ರೊಪ್ರುಸ್ಸೈಡ್‌ನಂಥ ಔಷಧವನ್ನು ಅಲ್ಲೇ ಬಿಡುತ್ತಾರೆ. ನಾಳದ ಬಾಯಲ್ಲಿರುವ ದೊಡ್ಡ ಗೈಡ್ ಕ್ಯಾತಿಟರ್‌ನಲ್ಲೇ ಬಿಟ್ಟರೆ ಔಷಧ ಹರಿವಿಲ್ಲದ ನಾಳ ಬಿಟ್ಟು ಬೇರೆ ಕಡೆ ಹೋಗುತ್ತದೆ. ಹೆಪ್ಪು ಹೆಚ್ಚಿರುವಾಗ ಬಲೂನನ್ನು ಮತ್ತೆ ಮತ್ತೆ ಜೋರಾಗಿ ಉಬ್ಬಿಸಿದಷ್ಟೂ ಚೂರುಗಳು ಕೆಳಕ್ಕೆ ಸಾಗುತ್ತವೆ.

ಹೀಗೆ ಅರವತ್ತು ವರ್ಷಗಳ ಹುಡುಕಾಟದ ನಂತರವೂ ಕೈಯಲ್ಲಿ ಭದ್ರವಾಗಿ ಉಳಿದಿರುವ ರಕ್ಷಣೆ ಸಮಯವೊಂದೇ. ಬೆಂಗಳೂರಿನಲ್ಲಿ ಅದು ಸೋರುವ ಜಾಗಗಳೂ ಗೊತ್ತು. ಗ್ಯಾಸ್ಟ್ರಿಕ್ ಎಂದು ಈನೋ ಕುಡಿದು ಮಲಗಿದ ರಾತ್ರಿ, ಇಸಿಜಿ ಇಲ್ಲದ ಕ್ಲಿನಿಕ್‌ನಲ್ಲಿ ಕಾದ ಅರ್ಧ ಗಂಟೆ, ಸಿಲ್ಕ್ ಬೋರ್ಡ್ ಅಥವಾ ಹೆಬ್ಬಾಳದಲ್ಲಿ ನಿಂತ ವಾಹನ. ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆಯಂಥ ಕಡೆ ತಲುಪುವ ಮೊದಲೇ ಸ್ನಾಯು ಹೋಗಿರುತ್ತದೆ. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಉದ್ದೇಶವೇ ಇದನ್ನು ಸರಿಪಡಿಸುವುದು. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ತಜ್ಞರಿಗೆ ಕಳಿಸಿ, ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಅಲ್ಲೇ ಚುಚ್ಚುವುದು. ತೂಕಕ್ಕೆ ತಕ್ಕಂತೆ 30ರಿಂದ 50 ಮಿಲಿಗ್ರಾಂ, ಒಂದೇ ಸಲ. ಸ್ಟ್ರೆಪ್ಟೊಕೈನೇಸ್‌ನಂತೆ ಒಂದು ಗಂಟೆ ಡ್ರಿಪ್ ಬೇಡ. ಇಸಿಜಿಯಲ್ಲಿ ಪೂರ್ತಿ ಬ್ಲಾಕ್ ಎಂದು ತಿಳಿದ 120 ನಿಮಿಷದಲ್ಲಿ ಆಂಜಿಯೋಪ್ಲಾಸ್ಟಿ ಸಾಧ್ಯವಿಲ್ಲದಿದ್ದರೆ ಇದೇ ಮೊದಲ ದಾರಿ. ಇಂಜೆಕ್ಷನ್ ಫಲಿಸಿದರೂ ಅಲ್ಲಿಗೆ ಮುಗಿಯಲಿಲ್ಲ. 2ರಿಂದ 24 ಗಂಟೆಯೊಳಗೆ ಆಂಜಿಯೋಗ್ರಾಂ ಆಗಬೇಕು.

ಎದೆ ಬಿಗಿತ, ಬೆವರು, ಎಡತೋಳು ಅಥವಾ ದವಡೆಗೆ ಹರಡುವ ನೋವು 15 ನಿಮಿಷ ಮೀರಿದರೆ 108ಕ್ಕೆ ಕರೆ ಮಾಡಿ; ಸ್ಕೂಟರ್ ಹತ್ತಬೇಡಿ, ರೋಗಿಯೇ ಕಾರು ಓಡಿಸುವುದೂ ಬೇಡ. ಅಲರ್ಜಿ ಅಥವಾ ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ 300 ಮಿಲಿಗ್ರಾಂ ಆಸ್ಪಿರಿನ್ ಜಗಿಸಿ. ನುಂಗಿದರೆ ರಕ್ತಕ್ಕೆ ಸೇರಲು ತಡವಾಗುತ್ತದೆ. ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್‌ನಂಥ ಮಾತ್ರೆಯನ್ನು ಬಿಪಿ ನೋಡದೆ ಕೊಡಬೇಡಿ. ಆಸ್ಪತ್ರೆಯಲ್ಲಿ ಮೊದಲ ಹತ್ತು ನಿಮಿಷದಲ್ಲಿ ಇಸಿಜಿ ಆಗಬೇಕು, ಆಗದಿದ್ದರೆ ಕೇಳಿ. ನೋವು ಸರಿಯಾಗಿ ಎಷ್ಟು ಗಂಟೆಗೆ ಶುರುವಾಯಿತು, ಈ ಹಿಂದೆ ಸ್ಟ್ರೋಕ್ ಆಗಿತ್ತೇ, ಇತ್ತೀಚೆಗೆ ಆಪರೇಷನ್ ಆಗಿದೆಯೇ, ರಕ್ತ ತೆಳುವಾಗಿಸುವ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ ಎಂಬ ನಾಲ್ಕು ಉತ್ತರ ಜೊತೆಗೆ ಹೋದವರ ಬಾಯಲ್ಲಿ ಸಿದ್ಧವಿದ್ದರೆ, ಇಂಜೆಕ್ಷನ್ ಕೊಡಬಹುದೇ ಬೇಡವೇ ಎಂದು ತೀರ್ಮಾನಿಸಲು ಡ್ಯೂಟಿ ಡಾಕ್ಟರ್ ಇನ್ನೊಬ್ಬರಿಗಾಗಿ ಕಾಯಬೇಕಿಲ್ಲ.