ಮೊನ್ನೆ ಮೊನ್ನೆ ತಂತಿ ಕಂಡ ನಮಗೆ ಹಳೆಯ ವಿದ್ಯುತ್ ಎಂಜಿನ್ನಿನ ಹಂಬಲವೇಕೆ?

ಓದುಗರ ಪ್ರಶ್ನೆ: ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹಳಿಗಳ ಮೇಲೆ ವಿದ್ಯುತ್ ತಂತಿ ಎಳೆದದ್ದೇ ಈಚೆಗೆ. ಉಗಿಬಂಡಿಯನ್ನು ನೆನೆದು ಹಿರಿಯರು ಭಾವುಕರಾದರೆ ಅರ್ಥವಾಗುತ್ತದೆ. ಆದರೆ ಹಳೆಯ ವಿದ್ಯುತ್ ಎಂಜಿನ್ನಿನ ಫೋಟೊ ಕಂಡರೂ ಹಿಗ್ಗುವವರು ನಮ್ಮಲ್ಲಿದ್ದಾರೆ. ಹೊಗೆಯೂ ಇಲ್ಲದ, ಬೆಂಕಿಯೂ ಕಾಣದ ಆ ಯಂತ್ರದಲ್ಲಿ ಅಂಥದ್ದೇನಿದೆ?

ತಂತಿ ನಮ್ಮೂರಿಗೆ ತಡವಾಗಿ ಬಂದದ್ದು ನಿಜ. ಆದರೆ ನಮ್ಮವರು ತಂತಿಯ ಕೆಳಗೆ ಓಡಾಡಲು ಶುರುಮಾಡಿ ತಲೆಮಾರುಗಳೇ ಕಳೆದಿವೆ. ದುಡಿಮೆಗೆ, ವ್ಯಾಪಾರಕ್ಕೆ ಮುಂಬೈಗೆ ಹೊರಟ ಬೆಳಗಾವಿಯವರು ಮೀಟರ್‌ಗೇಜ್ (ಕಿರು ಹಳಿಯ) ಗಾಡಿ ಹತ್ತಿ ಮೊದಲು ಪುಣೆಯಲ್ಲಿ, ಮುಂದೆ ಪುಣೆ–ಮಿರಜ ಮಾರ್ಗ ಬ್ರಾಡ್‌ಗೇಜ್ (ಅಗಲ ಹಳಿ) ಆದ ಮೇಲೆ ಮಿರಜದಲ್ಲಿ ಗಾಡಿ ಬದಲಿಸುತ್ತಿದ್ದರು. ವಿಜಯಪುರ, ಬಾಗಲಕೋಟೆಯವರಿಗೆ ಸೊಲ್ಲಾಪುರವಿತ್ತು. ಯಾವ ದಾರಿ ಹಿಡಿದರೂ ಪುಣೆಯಿಂದಾಚೆ ಎಳೆಯುತ್ತಿದ್ದುದು ವಿದ್ಯುತ್ ಎಂಜಿನ್. ಪುಣೆಯಲ್ಲಿ ಡೀಸೆಲ್ ಎಂಜಿನ್ ಕಳಚಿ ಹೋಗುತ್ತಿತ್ತು. ಬೋಗಿಗಳಿಗೆ ಸಣ್ಣದೊಂದು ಧಕ್ಕೆ ಕೊಟ್ಟು ಇನ್ನೊಂದು ಎಂಜಿನ್ ಬಂದು ಸೇರುತ್ತಿತ್ತು. ಚಹಾ ಕುಡಿಯಲು ಇಳಿದ ಹುಡುಗರು ಮುಂದಕ್ಕೆ ಓಡಿ ಅದರ ತಲೆಯ ಮೇಲೆ ತಂತಿಗೆ ತಾಗಿ ವಿದ್ಯುತ್ ಪಡೆಯುವ ಚೌಕಟ್ಟನ್ನು, ಅಂದರೆ ಪ್ಯಾಂಟೋಗ್ರಾಫನ್ನು ನೋಡುತ್ತಿದ್ದರು. ಈ ಭಾಗದ ಹಂಬಲದ ಬೇರು ಅಲ್ಲಿದೆ.

ಭಾರತದ ಮೊದಲ ವಿದ್ಯುತ್ ರೈಲು ಓಡಿದ್ದು 1925ರ ಫೆಬ್ರುವರಿ 3ರಂದು, ಬೊಂಬಾಯಿಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾವರೆಗೆ, 1,500 ವೋಲ್ಟ್ ಡಿಸಿ (ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್) ತಂತಿಯಡಿ. ಚಾಲನೆ ಕೊಟ್ಟವರು ಗವರ್ನರ್ ಸರ್ ಲೆಸ್ಲಿ ವಿಲ್ಸನ್. ನಮ್ಮ ಜಿಲ್ಲೆಗಳು ಆಗ ಬೊಂಬಾಯಿ ಪ್ರಾಂತ್ಯದಲ್ಲಿದ್ದುದರಿಂದ ಅವರು ನಮಗೂ ಗವರ್ನರೇ. 1930ರ ಜೂನ್ 1ರಂದು ಬೊಂಬಾಯಿ–ಪುಣೆ ನಡುವಿನ ಪ್ರಯಾಣಿಕ ಗಾಡಿ ಡೆಕ್ಕನ್ ಕ್ವೀನ್ ಶುರುವಾಯಿತು. ವಿಲ್ಸನ್ ಹೆಸರನ್ನೂ ಒಂದು ಎಂಜಿನ್ನಿಗೆ ಇಟ್ಟರು, ಅದು ಮಾತ್ರ ಘಾಟಿನ ಸರಕು ಗಾಡಿಗಳದ್ದು. ಅದರ ಮಾದರಿ ಡಬ್ಲ್ಯುಸಿಜಿ-1. ನಡುವೆ ಚಾಲಕನ ಮನೆ, ಹಿಂದೆ ಮುಂದೆ ಉದ್ದನೆಯ ಮೂತಿ, ಚಕ್ರಗಳನ್ನು ಜೋಡಿಸುವ ಕಬ್ಬಿಣದ ತೋಳುಗಳು. ಯುರೋಪಿನವರು ಈ ರೂಪವನ್ನು ಮೊಸಳೆ ಎಂದರು, ನಮ್ಮ ಸಿಬ್ಬಂದಿ ಮರಾಠಿಯಲ್ಲಿ ‘ಖೇಕಡಾ’ ಎಂದರು. ಬೆಳಗಾವಿಯವರಿಗೆ ಅರ್ಥ ಹೇಳಬೇಕಿಲ್ಲ, ಉಳಿದವರಿಗೆ, ಏಡಿ. 1961ರಲ್ಲಿ ಚಿತ್ತರಂಜನ್ ಕಾರ್ಖಾನೆ ತಯಾರಿಸಿದ ಮೊದಲ ವಿದ್ಯುತ್ ಎಂಜಿನ್ನಿಗೆ ‘ಲೋಕಮಾನ್ಯ’ ಎಂದು ಹೆಸರಿಟ್ಟರು. ತಿಲಕರು 1916ರಲ್ಲಿ ಹೋಂ ರೂಲ್ ಲೀಗ್ ಕಟ್ಟಿದ್ದು ಬೆಳಗಾವಿಯಲ್ಲಿ ಎಂಬುದನ್ನು ನೆನೆದರೆ ಆ ಹೆಸರೂ ನಮಗೆ ದೂರದ್ದಲ್ಲ.

ಆದರೆ ಹೆಸರು, ಇಸವಿಗಳಿಗಾಗಿ ಯಾರೂ ಹಂಬಲಿಸುವುದಿಲ್ಲ. ಹಂಬಲವೆಲ್ಲ ಸದ್ದಿಗೆ. ಡಿಸಿ ಎಂಜಿನ್ನನ್ನು ಒಮ್ಮೆಲೇ ಪೂರ್ತಿ ವೋಲ್ಟೇಜಿಗೆ ಒಡ್ಡಿದರೆ ಮೋಟಾರು ಸುಟ್ಟುಹೋಗುತ್ತದೆ. ಅದಕ್ಕೇ ಹೊರಡುವಾಗ ಮೋಟಾರುಗಳನ್ನು ಸಾಲಾಗಿ ಜೋಡಿಸಿ, ಜೊತೆಗೆ ಕರೆಂಟನ್ನು ತಡೆಯುವ ರೆಸಿಸ್ಟರ್‌ಗಳನ್ನು ಅಡ್ಡ ಇಡುತ್ತಿದ್ದರು. ಚಾಲಕ ಹಿಡಿಯನ್ನು ಒಂದೊಂದೇ ನಾಚ್ (ಹಂತ) ಸರಿಸಿದಂತೆ ಒಂದೊಂದು ರೆಸಿಸ್ಟರ್ ದಾರಿಯಿಂದ ಸರಿಯುತ್ತಿತ್ತು. ಒಳಗೆ ‘ಖಟ್’ ಎಂಬ ಸದ್ದು, ಬೋಗಿಗೆ ಚಿಕ್ಕ ಜಗ್ಗು. ಮತ್ತೆ ‘ಖಟ್’, ಮತ್ತೆ ಜಗ್ಗು. ರೆಸಿಸ್ಟರ್ ನುಂಗಿದ ವಿದ್ಯುತ್ತೆಲ್ಲ ಬಿಸಿಯಾಗಿ ವ್ಯರ್ಥವಾಗುತ್ತಿತ್ತು. ಎಂಜಿನಿಯರ್‌ಗೆ ಅದು ನಷ್ಟ. ಕಿಟಕಿ ಪಕ್ಕ ಕುಳಿತವನಿಗೆ ಚಾಲಕನ ಕೈಚಳಕ ಕಿವಿಗೇ ತಿಳಿಯುತ್ತಿತ್ತು. ಅವಸರದ ಕೈ ಯಾವುದು, ನುರಿತ ಕೈ ಯಾವುದು ಎಂದು ಜಗ್ಗಿನ ಮೇಲೆ ಹೇಳಬಹುದಿತ್ತು. ಉಗಿಬಂಡಿ ಮಾತ್ರ ಜೀವಂತ, ವಿದ್ಯುತ್ ಎಂಜಿನ್ ಬರೀ ಡಬ್ಬಿ ಎನ್ನುವವರ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಈಗಿನ ಮೂರು ಫೇಸಿನ ಎಂಜಿನ್‌ಗಳಲ್ಲಿ ಈ ಲೆಕ್ಕವನ್ನೆಲ್ಲ ಎಲೆಕ್ಟ್ರಾನಿಕ್ಸ್ ನೋಡಿಕೊಳ್ಳುತ್ತದೆ. 2025ರ ಆಗಸ್ಟ್‌ನಲ್ಲಿ ಶುರುವಾದ ಬೆಂಗಳೂರು–ಬೆಳಗಾವಿ ವಂದೇ ಭಾರತ್ ನಿಲ್ದಾಣ ಬಿಟ್ಟದ್ದು ಹೊರಗೆ ನೋಡದಿದ್ದರೆ ತಿಳಿಯುವುದೇ ಇಲ್ಲ. ಸುಖ ಹೌದು, ಕೇಳಲು ಏನೂ ಇಲ್ಲ.

ಹಾಗಾದರೆ ಅವು ಹೋದದ್ದೇಕೆ? ಮುಪ್ಪಿನಿಂದಷ್ಟೇ ಅಲ್ಲ, ತಂತಿಯೇ ಬದಲಾಯಿತು. ಕಬ್ಬಿಗೆ ನೀರು ಹಾಯಿಸುವವರಿಗೆ ಗೊತ್ತು, ಒತ್ತಡ ಕಡಿಮೆಯಿದ್ದರೆ ಪೈಪು ದಪ್ಪವಿರಬೇಕು. 1,500 ವೋಲ್ಟ್‌ನಲ್ಲಿ ಭಾರದ ಗಾಡಿ ಎಳೆಯಲು ಅಪಾರ ಕರೆಂಟು ಹರಿಯಬೇಕು, ಅದಕ್ಕೆ ದಪ್ಪ ತಂತಿ, ಹತ್ತಿರ ಹತ್ತಿರ ಸಬ್‌ಸ್ಟೇಷನ್ ಬೇಕು. 25,000 ವೋಲ್ಟ್ ಎಸಿಯಲ್ಲಿ (ದಿಕ್ಕು ಬದಲಿಸುತ್ತ ಹರಿಯುವ ವಿದ್ಯುತ್) ಅದೇ ಕೆಲಸಕ್ಕೆ ಸುಮಾರು ಹದಿನೇಳರಲ್ಲಿ ಒಂದು ಪಾಲು ಕರೆಂಟು ಸಾಕು. 1950ರ ದಶಕದ ಕೊನೆಯಲ್ಲೇ ರೈಲ್ವೆ ಎಸಿಯನ್ನು ಆರಿಸಿಕೊಂಡಿತು. ಮುಂಬೈ ಮಾತ್ರ ದಶಕಗಳ ಕಾಲ ಡಿಸಿಯಲ್ಲೇ ಉಳಿದು, ಹಂತ ಹಂತವಾಗಿ ಬದಲಾಯಿತು. ಹಾರ್ಬರ್ ಮಾರ್ಗದ ಕೊನೆಯ ಡಿಸಿ ಲೋಕಲ್ ಓಡಿದ್ದು 2016ರ ಏಪ್ರಿಲ್‌ನಲ್ಲಿ. ಡಿಸಿಗೆಂದೇ ಕಟ್ಟಿದ ಎಂಜಿನ್ನಿಗೆ ಆ ಮೇಲೆ ಗುಜರಿಯೇ ಗತಿ.

ಸರ್ ಲೆಸ್ಲಿ ವಿಲ್ಸನ್ ಎಂಜಿನ್ನನ್ನು ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಆದರೆ ನಿಂತ ಎಂಜಿನ್ ನೋಡಲು ಅಷ್ಟು ದೂರ ಹೋಗಿ ಎಂದು ನಾನು ಹೇಳುವುದಿಲ್ಲ. ಮುಂಬೈಯಿಂದ ಮರಳುವಾಗ ಘಾಟಿನ ಬುಡದ ಕರ್ಜತ್‌ನಲ್ಲಿ ಎಚ್ಚರವಾಗಿರಿ. ಅಲ್ಲಿಂದ ಲೋಣಾವಳದವರೆಗೆ ಏರು, ತೀರ ಕಡಿದಾದ ಕಡೆ 37 ಅಡಿಗೆ ಒಂದು ಅಡಿ. ಅದಕ್ಕಾಗಿ ಗಾಡಿಯ ಬಾಲಕ್ಕೆ ಬ್ಯಾಂಕರ್ ಎಂಜಿನ್‌ಗಳನ್ನು ಸೇರಿಸಿ ಹಿಂದಿನಿಂದ ತಳ್ಳಿಸುತ್ತಾರೆ. ಎಂಜಿನ್ ಹೊಸದು, ಪದ್ಧತಿ ಹಳೆಯದು. ಟಿಕೆಟ್ ಕಾಯ್ದಿರಿಸುವಾಗ ಸಾಧ್ಯವಾದರೆ ಹಿಂದಿನ ಬೋಗಿಯನ್ನೇ ಆರಿಸಿಕೊಳ್ಳಿ. ಮಲಗುವುದೇನಿದ್ದರೂ ಲೋಣಾವಳ ದಾಟಿದ ಮೇಲೆ.