ಚಿತ್ರನಕ್ಷೆ: ಅಕ್ಷರ ಉಳಿದರೆ ನಕ್ಷೆ ಉಳಿಯುತ್ತದೆ

ದಾರಿ ತೋರಿಸುವುದು ಯಾವ ನಕ್ಷೆಗಾದರೂ ಇರುವ ಕೆಲಸ. ಆ ದಾರಿಯ ಇಕ್ಕೆಲಗಳಲ್ಲಿ ಯಾರಿದ್ದಾರೆ, ಏನು ಮಾರುತ್ತಿದ್ದಾರೆ, ಯಾವುದಕ್ಕೆ ಜಗಳವಾಡುತ್ತಿದ್ದಾರೆ ಎಂಬುದನ್ನೂ ಅದೇ ಹಾಳೆಯ ಮೇಲೆ ಬಿಡಿಸಿದಾಗ ಅದು ಚಿತ್ರನಕ್ಷೆಯಾಗುತ್ತದೆ. ಇಲ್ಲಿ ಅಳತೆಯ ನಿಖರತೆ ಹಿಂದೆ ಸರಿಯುತ್ತದೆ. ಕಲಾವಿದನಿಗೆ ಮುಖ್ಯವೆನಿಸಿದ ಕಟ್ಟಡ ಇಡೀ ಬೀದಿಗಿಂತ ದೊಡ್ಡದಾಗಬಹುದು, ಬೇಡವೆನಿಸಿದ ಬಡಾವಣೆ ಮೋಡದ ಹಿಂದೆ ಮರೆಯಾಗಬಹುದು.

ಈ ಪ್ರಕಾರಕ್ಕೆ ಇಪ್ಪತ್ತನೆಯ ಶತಮಾನದಲ್ಲಿ ಹೊಸ ಜೀವ ಕೊಟ್ಟ ಕೃತಿ ಯಾವುದೆಂದು ಕೇಳಿದರೆ ನಾನು ತಡವರಿಸದೆ ಬ್ರಿಟಿಷ್ ಕಲಾವಿದ ಮ್ಯಾಕ್‌ಡೊನಾಲ್ಡ್ ಗಿಲ್ ಅವರ, ಲಂಡನ್ ನಗರವನ್ನು ಚಿತ್ರಿಸುವ ‘ವಂಡರ್‌ಗ್ರೌಂಡ್’ ನಕ್ಷೆಯ ಹೆಸರು ಹೇಳುತ್ತೇನೆ. 1914ರಲ್ಲಿ ಲಂಡನ್ನಿನ ಭೂಗತ ರೈಲು ಸಂಸ್ಥೆಯ ಫ್ರಾಂಕ್ ಪಿಕ್ ಅದನ್ನು ಗಿಲ್ ಅವರಿಂದ ಬರೆಸಿ ನಿಲ್ದಾಣಗಳಲ್ಲಿ ತೂಗುಹಾಕಿಸಿದರು. ಹಳದಿ ರಸ್ತೆಗಳು, ಮೇಲ್ತುದಿಯಲ್ಲಿ ಬಾಗಿದ ದಿಗಂತ, ಅಂಚಿನ ಸುತ್ತ ಪದ್ಯ, ಎಲ್ಲೆಲ್ಲೂ ಮಾತನಾಡುವ ಪುಟಾಣಿ ಮನುಷ್ಯರು. ಮೃಗಾಲಯದಲ್ಲಿ ಪಂಜರದ ಹಕ್ಕಿಯೊಂದು ಮಗುವನ್ನು ನುಂಗುತ್ತಿದ್ದರೆ, ಐದು ಗಂಟೆಗೆ ಚಹಾಕ್ಕೆ ಮನೆಗೆ ಬರುತ್ತೇನೆಂದು ಅಮ್ಮನಿಗೆ ಮಾತು ಕೊಟ್ಟಿದ್ದೆನಲ್ಲ ಎಂದು ಆ ಮಗು ಹಲುಬುತ್ತದೆ. ಪೂರ್ವದ ಅಂಚಿನಲ್ಲಿರುವ ಫಲಕ ಅತ್ತ ಸಿಗುವ ‘ಹಳ್ಳಿ’ಗಳ ಪಟ್ಟಿಯಲ್ಲಿ ರಷ್ಯಾವನ್ನೂ ಸೇರಿಸುತ್ತದೆ. ಇವೆಲ್ಲ ಇರುವುದು ಬಲು ಸಣ್ಣ ಅಕ್ಷರಗಳಲ್ಲಿ. ಅವು ಓದಲಾಗದಿದ್ದರೆ ಉಳಿಯುವುದು ಬಣ್ಣದ ಹಾಳೆ ಮಾತ್ರ.

ಹಳೆಯ ಚಿತ್ರನಕ್ಷೆಗಳ ‘ಡಿಜಿಟಲ್ ಪ್ರತಿ’ ಕೊಳ್ಳುವವರು ಮೊದಲು ಮನಸ್ಸಿನಲ್ಲಿಡಬೇಕಾದದ್ದು ಇದನ್ನೇ. ಕೊಳ್ಳುವಾಗ ಸಿಗುವುದು ಪಿಕ್ಸೆಲ್‌ಗಳ, ಅಂದರೆ ಚಿತ್ರವನ್ನು ಕಟ್ಟುವ ಪುಟ್ಟ ಬಣ್ಣದ ಚುಕ್ಕೆಗಳ, ಲೆಕ್ಕ. ‘ಹೈ ರೆಸಲ್ಯೂಷನ್’ ಎಂಬ ಬಣ್ಣನೆಗೆ ಅಲ್ಲಿ ಯಾವ ಬೆಲೆಯೂ ಇಲ್ಲ. ‘300 ಡಿಪಿಐ’ (ಇಂಚಿಗೆ 300 ಚುಕ್ಕೆ) ಎಂದಷ್ಟೇ ಹೇಳುವ ಮಾರಾಟಗಾರ ಕೂಡ ಏನನ್ನೂ ಹೇಳಿದಂತಾಗಲಿಲ್ಲ. ಕಡತಕ್ಕೆ ಅಂಟಿಸಿದ ಆ ಸಂಖ್ಯೆಯನ್ನು ಯಾರು ಬೇಕಾದರೂ ಬದಲಿಸಬಹುದು. ಅಗಲಕ್ಕೆಷ್ಟು, ಎತ್ತರಕ್ಕೆಷ್ಟು ಪಿಕ್ಸೆಲ್ ಎಂದು ಕೇಳಬೇಕು.

ಗಿಲ್ ಅವರ ಭಿತ್ತಿಪತ್ರ ಸುಮಾರು 50 ಇಂಚು ಅಗಲ, 40 ಇಂಚು ಎತ್ತರದ್ದು. ಅದನ್ನು 20 ಇಂಚು ಅಗಲಕ್ಕೆ ಕುಗ್ಗಿಸಿ ಮುದ್ರಿಸಿದರೆ ಮೂಲದಲ್ಲಿ 3 ಮಿಲಿಮೀಟರ್ ಎತ್ತರವಿದ್ದ ಅಕ್ಷರ 1.2 ಮಿಲಿಮೀಟರಿಗೆ ಇಳಿಯುತ್ತದೆ. ಕಡತ 6000 ಪಿಕ್ಸೆಲ್ ಅಗಲವಿದ್ದರೆ ಇಂಚಿಗೆ 300 ಪಿಕ್ಸೆಲ್ ಸಿಕ್ಕಿ ಆ ಅಕ್ಷರಕ್ಕೆ 14 ಪಿಕ್ಸೆಲ್ ಎತ್ತರ ಒದಗುತ್ತದೆ. ಕಣ್ಣು ಕಿರಿದಾಗಿಸಿ ಓದಬಹುದು. ಅದೇ 2000 ಪಿಕ್ಸೆಲ್ ಕಡತವಾದರೆ ಐದು ಪಿಕ್ಸೆಲ್ ಕೂಡ ಬರುವುದಿಲ್ಲ, ಅಕ್ಷರ ಮಸಿಯ ಚುಕ್ಕೆಯಾಗುತ್ತದೆ. ಗೋಡೆಯಲ್ಲಿ ಎಷ್ಟು ಜಾಗವಿದೆ ಎಂದು ನೋಡಿ ಮುದ್ರಣದ ಗಾತ್ರ ಆರಿಸುವ ರೂಢಿ ನನಗೆ ಒಪ್ಪಿಗೆಯಿಲ್ಲ. ಅತಿ ಸಣ್ಣ ಅಕ್ಷರ ಯಾವ ಗಾತ್ರದಲ್ಲಿ ಓದಲು ಬರುತ್ತದೋ ಅದೇ ಕನಿಷ್ಠ ಗಾತ್ರ.

ಕೃತಕ ಬುದ್ಧಿಮತ್ತೆಯಿಂದ ‘ಹಿಗ್ಗಿಸಿದ’ ಕಡತಗಳನ್ನು ಈ ವಿಷಯದಲ್ಲಿ ನಾನು ಖಂಡಿತ ಬೇಡವೆನ್ನುತ್ತೇನೆ. ಇಲ್ಲದ ವಿವರವನ್ನು ಆ ತಂತ್ರಾಂಶ ಊಹಿಸಿ ತುಂಬುತ್ತದೆ. ಆಕಾಶಕ್ಕೋ ಹುಲ್ಲಿಗೋ ಅದು ಸರಿಹೋದೀತು. ಅಕ್ಷರವಿದ್ದ ಕಡೆ ಅಕ್ಷರದಂತೆ ಕಾಣುವ, ಯಾವ ಭಾಷೆಗೂ ಸೇರದ ಗೀಚು ಹುಟ್ಟುತ್ತದೆ. ಪುಸ್ತಕದಲ್ಲಿ ಅಚ್ಚಾದ ಪ್ರತಿಯಿಂದ ಸ್ಕ್ಯಾನ್ ಮಾಡಿದವೂ ಇದೇ ಸಾಲಿಗೆ ಸೇರುತ್ತವೆ: ಅಚ್ಚಿನ ಬಣ್ಣದ ಚುಕ್ಕೆಗಳು ಸ್ಕ್ಯಾನರಿನ ಜಾಲರಿಯೊಂದಿಗೆ ತಾಕಲಾಡಿ ಅಲೆಯಲೆಯಾದ ಕಲೆ ಮೂಡಿಸುತ್ತವೆ. ಕೊಳ್ಳುವ ಮುನ್ನ ನಕ್ಷೆಯ ಒಂದು ತುಣುಕನ್ನು ಪೂರ್ಣ ಗಾತ್ರದಲ್ಲಿ ತೋರಿಸುವಂತೆ ಕೇಳಿದರೆ ಎರಡೂ ದೋಷ ಅಲ್ಲೇ ಸಿಕ್ಕಿಬೀಳುತ್ತವೆ.

ಹಾಳೆಯ ಆಕಾರವೂ ತೊಂದರೆ ಕೊಡುತ್ತದೆ. 5:4ರ ಗಿಲ್ ನಕ್ಷೆಯನ್ನು ಎ2 ಹಾಳೆಗೆ ಅಂಚಿನಿಂದ ಅಂಚಿಗೆ ತುಂಬಿಸಲು ಹೊರಟರೆ ಎತ್ತರದಲ್ಲಿ ಎರಡು ಇಂಚಿಗೂ ಹೆಚ್ಚು ಕತ್ತರಿಸಬೇಕಾಗುತ್ತದೆ. ಬಹಳಷ್ಟು ಚಿತ್ರನಕ್ಷೆಗಳಲ್ಲಿ ಪದ್ಯ, ಲಾಂಛನ, ಕಲಾವಿದನ ಸಹಿ ಇರುವುದು ಅಂಚಿನಲ್ಲೇ. ಬಿಳಿ ಜಾಗ ಉಳಿದರೆ ಉಳಿಯಲಿ, ಅಂಚು ಹೋಗಬಾರದು.

ಇನ್ನು ಹಣದ ಮಾತು. ಗಿಲ್ ತೀರಿಕೊಂಡದ್ದು 1947ರಲ್ಲಿ. ಕಲಾವಿದರ ಮರಣಾನಂತರ ಹಕ್ಕುಸ್ವಾಮ್ಯ ಭಾರತದಲ್ಲಿ 60 ವರ್ಷ, ಬ್ರಿಟನ್ನಿನಲ್ಲಿ 70 ವರ್ಷ ಇರುತ್ತದೆ. ಎರಡೂ ಕಡೆ ಅವರ ಅವಧಿ ಮುಗಿದಿದೆ. ಆದ್ದರಿಂದ ಇಂಥ ಕಡತಕ್ಕೆ ತೆರುವ ಹಣ ಸ್ಕ್ಯಾನ್ ಮಾಡಿದ, ಮಡಿಕೆಯ ಗೆರೆ ತಿದ್ದಿದ ಶ್ರಮಕ್ಕೆ ಸಲ್ಲುತ್ತದೆ. ಶ್ರಮ ಚೆನ್ನಾಗಿದ್ದರೆ ಕೊಡುವುದು ನ್ಯಾಯವೇ. ಆದರೆ ಕೊಡುವ ಮೊದಲು ಗ್ರಂಥಾಲಯಗಳಲ್ಲಿ ಹುಡುಕಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹಳೆಯ ನಕ್ಷೆಗಳ ದೊಡ್ಡ ಕಡತಗಳು ಉಚಿತವಾಗಿ ಸಿಗುತ್ತವೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೇವಿಡ್ ರಮ್ಸಿ ಸಂಗ್ರಹ ತನ್ನ ಸ್ಕ್ಯಾನ್‌ಗಳನ್ನು ವಾಣಿಜ್ಯೇತರ ಬಳಕೆಯ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಕೊಡುತ್ತದೆ. ಮನೆಯ ಗೋಡೆಗೆ ಅಡ್ಡಿಯಿಲ್ಲ, ಅಂಗಡಿಯಲ್ಲಿಟ್ಟು ಮಾರುವುದಕ್ಕೆ ಅನುಮತಿ ಬೇಕು.

ನಮ್ಮ ಕರಾವಳಿಯ ಚಿತ್ರ ಹುಡುಕುವವರಿಗೆ ಹಾದಿ ಪೋರ್ಚುಗಲ್ಲಿನತ್ತ ಸಾಗುತ್ತದೆ. ಪೋರ್ಚುಗೀಸರ ಕೋಟೆಗಳ ಬಗ್ಗೆ 1635ರಲ್ಲಿ ಅಂತೋನಿಯೊ ಬೊಕಾರೊ ಬರೆದ ಗ್ರಂಥಕ್ಕೆ ಪೆದ್ರೊ ಬಾರೆತೊ ದೆ ರೆಸೆಂದೆ ಚಿತ್ರ ಬಿಡಿಸಿದ್ದಾರೆ. ಹೊನ್ನಾವರ, ಬಸರೂರು, ಮಂಗಳೂರಿನ ಕೋಟೆಗಳನ್ನು ಹಕ್ಕಿಯ ಕಣ್ಣಿನಿಂದ ಕಂಡಂತೆ ಅದರಲ್ಲಿ ಬರೆಯಲಾಗಿದೆ. ಹಸ್ತಪ್ರತಿ ಎವೊರಾ ನಗರದ ಗ್ರಂಥಾಲಯದಲ್ಲಿದೆ. ಅವು ಕೈಯಿಂದ ಬಣ್ಣ ಹಚ್ಚಿದ ಚಿತ್ರಗಳು. ಕಾಗದದ ಕಂದು ಛಾಯೆಯನ್ನು ‘ಶುಚಿಗೊಳಿಸಿ’ ಬೆಳ್ಳಗೆ ಮಾಡಿದ ಪ್ರತಿಯಲ್ಲಿ ತೆಳುವಾದ ಬಣ್ಣವೂ ಜೊತೆಯಲ್ಲೇ ತೊಳೆದುಹೋಗುವ ಅಪಾಯವಿದೆ.

ಮುದ್ರಣಕ್ಕೆ ಹೊಳಪಿಲ್ಲದ, ಆಮ್ಲರಹಿತ ಹತ್ತಿ ಕಾಗದ ಮತ್ತು ಪಿಗ್ಮೆಂಟ್ ಶಾಯಿ (ಬಣ್ಣದ ಸೂಕ್ಷ್ಮ ಕಣಗಳಿರುವ ಶಾಯಿ) ಒಳ್ಳೆಯದು. ಹೊಳಪಿನ ಕಾಗದದ ಮೇಲೆ ದೀಪದ ಪ್ರತಿಫಲನ ಬಿದ್ದು ಸಣ್ಣ ಅಕ್ಷರ ಕಣ್ಣಿಗೆ ದಕ್ಕುವುದಿಲ್ಲ. ಪೂರ್ತಿ ಹಾಳೆ ಅಚ್ಚಿಗೆ ಕೊಡುವ ಮುನ್ನ ಅತ್ಯಂತ ದಟ್ಟವಾದ ಭಾಗವನ್ನು, ಕೊನೆಗೆ ಬೇಕಾದ ಅದೇ ಗಾತ್ರದಲ್ಲಿ, ಅದೇ ಕಾಗದದ ಎ4 ತುಣುಕಿನ ಮೇಲೆ ಮುದ್ರಿಸಿ ನೋಡಿ. ವಂಡರ್‌ಗ್ರೌಂಡ್ ನಕ್ಷೆಯಾದರೆ ಮೃಗಾಲಯದ ಮೂಲೆಯನ್ನು ಆರಿಸಿಕೊಳ್ಳಿ: ಆ ಮಗುವಿನ ಮಾತು ಓದಲು ಬಂದರೆ ಕಡತ, ಗಾತ್ರ ಎರಡೂ ಸರಿಯಾಗಿವೆ.